ಒಪ್ಪಿಗೆ ಕೊಟ್ಟವರು: ವೆಸೆಲಿನ್ ಬೋನೇವ್

ರೂಸೆ, ಅಕ್ಟೋಬರ್ 12

ಸ್ತಮೇನಾ ಅಮ್ಮನವರಿಗೆ ನಮಸ್ಕಾರಗಳು.

ನಾನು ಇಸ್ಕ್ರಾ ತೋನೇವಾ, ನಿಮ್ಮ ಮಗ ವೆಸೆಲಿನ್ ಜೊತೆ ಕೆಲಸ ಮಾಡಿದವಳು. ತ್ರ್ಯಾವ್ನಾದ ಸ್ಮಶಾನದಲ್ಲಿ ಅವತ್ತು ನಿಮ್ಮ ಕೈ ಹಿಡಿದುಕೊಂಡವರು ಬಹಳ ಮಂದಿ. ಕಂದು ಕೋಟು ಹಾಕಿಕೊಂಡು ಅತ್ತವಳು ನಾನು. ಎರಡು ಸಲ ಫೋನ್ ಮಾಡಿದೆ, ನೀವು ಎತ್ತಲಿಲ್ಲ. ಅದಕ್ಕೇ ಈ ಕಾಗದ.

ಇಂಥ ಹೊತ್ತಿನಲ್ಲಿ ಕೆಲಸದ ಮಾತು ತೆಗೆಯಲು ನಾಚಿಕೆಯಾಗುತ್ತದೆ. ಆದರೂ ಹೇಳಲೇಬೇಕು. ನಮ್ಮದು ಹಳೆಯ ಅಪಾರ್ಟ್‌ಮೆಂಟ್ ಕಟ್ಟಡಗಳನ್ನು ದುರಸ್ತಿ ಮಾಡುವ ಪುಟ್ಟ ಸಂಸ್ಥೆ. ಕೆಲಸವೆಲ್ಲ ಒಂದು ತಂತ್ರಾಂಶದ ಮೇಲೆ ನಡೆಯುತ್ತದೆ. ಅದರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಹಕ್ಕು: ಕೆಲವರು ನೋಡಬಹುದು ಅಷ್ಟೇ, ಕೆಲವರು ಬರೆಯಬಹುದು, ಎಂಜಿನಿಯರ್ ಒಬ್ಬರು ಮಾತ್ರ ಕೆಲಸ ಗಟ್ಟಿಯಾಗಿದೆ ಎಂದು ಒಪ್ಪಿಗೆ ಕೊಡಬಹುದು. ಯಾರಿಗೆ ಯಾವ ಹಕ್ಕು ಎಂದು ತೀರ್ಮಾನಿಸುವವನಿಗೆ ಅದರಲ್ಲಿ ಮಾಲೀಕ ಎನ್ನುತ್ತಾರೆ. ಒಪ್ಪಿಗೆ ಕೊಡುವವನೂ ಮಾಲೀಕನೂ ಎರಡೂ ವೆಸೆಲಿನ್ನೇ ಆಗಿದ್ದ. "ಇನ್ನೊಬ್ಬರನ್ನೂ ಮಾಲೀಕರನ್ನಾಗಿ ಮಾಡಿಡು" ಎಂದು ನಾನು ಎಷ್ಟೋ ಸಲ ಹೇಳಿದ್ದೆ. "ನನಗೇನಾಗುತ್ತೆ ಮಾರಾಯ್ತಿ, ಕುದುರೆ ಹಂಗಿದೀನಿ" ಎಂದು ನಗುತ್ತಿದ್ದ.

ಈಗ ಹಿಡಿದಿರುವ ಐದು ದ್ವಾರಗಳ ಕಟ್ಟಡದ ಬಾಲ್ಕನಿ ಕೆಲಸ ನಿಂತಿದೆ. ವಾರಸುದಾರರು ಸಹಿ ಮಾಡಿ ಕಳಿಸಿದರೆ ಅವನ ಜಾಗವನ್ನು ಬೇರೆಯವರಿಗೆ ಬಿಟ್ಟುಕೊಡುತ್ತೇವೆ ಎಂದು ಆ ತಂತ್ರಾಂಶದವರು ಹೇಳುತ್ತಿದ್ದಾರೆ. ವಾರಸುದಾರರೆಂದರೆ ನೀವು ಒಬ್ಬರೇ. ನಮ್ಮ ಯಜಮಾನರು ಬೊಗೊಮಿಲ್ ಅಣ್ಣ ಆತುರದಲ್ಲಿದ್ದಾರೆ. ಪತ್ರವನ್ನು ಇದರೊಳಗೆ ಇಟ್ಟಿದ್ದೇನೆ. ಅಡ್ಡಗೆರೆಯ ಮೇಲೆ ಸಹಿ ಹಾಕಿದರೆ ಸಾಕು.

ನಿಮ್ಮ ದುಃಖದಲ್ಲಿ ನನ್ನದೂ ಇದೆ ಎಂದು ತಿಳಿಯಿರಿ,
ಇಸ್ಕ್ರಾ


ತ್ರ್ಯಾವ್ನಾ, ಅಕ್ಟೋಬರ್ 19

ಇಸ್ಕ್ರಾ ಅವರಿಗೆ,

ಕಂದು ಕೋಟು ನೆನಪಿದೆ. ಫೋನ್ ಎತ್ತಿದರೆ ಅಳು ಬರುತ್ತದೆ, ಕಾಗದದಲ್ಲಾದರೆ ಯಾರಿಗೂ ಕಾಣುವುದಿಲ್ಲ. ಇನ್ನು ಮುಂದೆಯೂ ಕಾಗದವನ್ನೇ ಹಾಕಿ.

ಸಹಿ ಹಾಕುವುದಿಲ್ಲ. ನಲವತ್ತು ದಿನ ಆಗುವವರೆಗೆ ಹಾಕುವುದಿಲ್ಲ. ಅವನ ಒಂದು ಅಂಗಿಯನ್ನೂ ನಾನು ಇನ್ನೂ ಯಾರಿಗೂ ಕೊಟ್ಟಿಲ್ಲ, ಊಟದ ಮೇಜಿನ ಹತ್ತಿರ ಅವನ ಕುರ್ಚಿಯಲ್ಲಿ ಬೆಕ್ಕನ್ನೂ ಕೂರಲು ಬಿಟ್ಟಿಲ್ಲ. ಜೀವ ಇನ್ನೂ ಹೊಸ್ತಿಲಲ್ಲೇ ಸುಳಿದಾಡುತ್ತಿರುವಾಗ ಬಾಗಿಲ ಮೇಲಿನ ಹೆಸರು ಕಿತ್ತುಕೊಡು ಎಂದು ಕೇಳುತ್ತೀರಲ್ಲ, ನಿಮ್ಮ ಯಜಮಾನರ ಮನೆಯಲ್ಲಿ ಯಾರೂ ಸತ್ತೇ ಇಲ್ಲವೇ?

ಇನ್ನೊಂದು ಮಾತು. ಆ ತಂತ್ರಾಂಶ ನನಗೆ ಗೊತ್ತಿಲ್ಲದ್ದೇನಲ್ಲ. ಹೋದ ವಸಂತದಲ್ಲಿ ವೆಸೆಲಿನ್ ನನ್ನ ಟ್ಯಾಬಿನಲ್ಲಿ ಅದನ್ನು ಹಾಕಿಕೊಟ್ಟು, ನನ್ನನ್ನು ನೋಡುವವರ ಸಾಲಿಗೆ ಸೇರಿಸಿದ. "ಅಮ್ಮಾ, ನೀನು ಬರೀ ನೋಡ್ಬೋದು, ಬಾಯಿ ಹಾಕೋ ಹಾಗಿಲ್ಲ. ಜನ್ಮದಲ್ಲಿ ಮೊದಲ್ನೇ ಸಲ!" ಎಂದು ಕಿಚಾಯಿಸಿದ. ಕೆಲಸದ ಚಿತ್ರಗಳು ಬರುತ್ತಿದ್ದವು. ಪ್ರತಿ ಒಪ್ಪಿಗೆಯ ಕೆಳಗೂ ಅವನು ಏನಾದರೊಂದು ಸಾಲು ಬರೆಯುತ್ತಿದ್ದ. ಈಗಲೂ ಅವನ್ನೇ ಓದುತ್ತೇನೆ. "ಸುತ್ತಿಗೆಯಿಂದ ತಟ್ಟಿದೆ, ಗಂಟೆ ಹಾಗೆ ಕೇಳಿಸಿತು." "ನಾಲ್ಕನೇ ಮಹಡಿಯ ಅಜ್ಜಿ ಬನಿತ್ಸಾ ತಿನ್ನಿಸದೆ ಬಿಡಲಿಲ್ಲ, ಆದರೂ ಗೋಡೆ ನೇರವಾಗಿಯೇ ಇದೆ." ಹೀಗೆ.

ಅವನು ಕಂಪ್ಯೂಟರಿನ ಮುಂದೆ ಕೂತಾಗ ಹೆಸರಿನ ಪಕ್ಕ ಒಂದು ಹಸಿರು ಚುಕ್ಕೆ ಹತ್ತುತ್ತಿತ್ತು. ಮೊನ್ನೆ ಬುಧವಾರ ಸಂಜೆ ಆರರ ಹೊತ್ತಿಗೆ ಅದು ಹತ್ತಿತು. ನಾನು ಕೈಯಲ್ಲಿದ್ದ ತಟ್ಟೆ ಬಿಟ್ಟೆ.

ಮೂವತ್ತು ವರ್ಷ ರೈಲಿನಲ್ಲಿ ಟಿಕೆಟ್ ಪರೀಕ್ಷಿಸಿದವಳು ನಾನು. ಬೇರೆಯವರ ಜಾಗದಲ್ಲಿ ಕೂತವರನ್ನು ಎಬ್ಬಿಸುವುದೇ ನನ್ನ ಕೆಲಸವಾಗಿತ್ತು. ನನ್ನ ಮಗನ ಜಾಗದಲ್ಲಿ ಯಾರು ಕೂತಿದ್ದಾರೆ, ಹೇಳಿ.

ಸ್ತಮೇನಾ ಬೋನೇವಾ


ರೂಸೆ, ಅಕ್ಟೋಬರ್ 27

ಅಮ್ಮಾ,

ನೀವು ಗಾಬರಿಯಾಗಬೇಡಿ. ಅವನ ಮೇಜಿನ ಕಂಪ್ಯೂಟರನ್ನು ಶುಚಿ ಮಾಡುವಾಗ ಯಾರೋ ಹಾಕಿರಬೇಕು, ಅದು ತಾನಾಗಿಯೇ ಒಳಗೆ ಹೋಗಿರುತ್ತದೆ. ನಾನೇ ಹೋಗಿ ಆರಿಸಿ, ತಂತಿಯನ್ನೂ ಕಿತ್ತು ಬಂದಿದ್ದೇನೆ. ಅವನ ಪಾಸ್‌ವರ್ಡ್ ಯಾರ ಹತ್ತಿರವೂ ಇಲ್ಲ.

ನಲವತ್ತು ದಿನದ ಮಾತನ್ನು ಬೊಗೊಮಿಲ್ ಅಣ್ಣನಿಗೆ ಹೇಳಿದೆ. ಅವರು ತಲೆ ತಗ್ಗಿಸಿದರು. "ಸರೀನಮ್ಮ, ಅವರು ಹೇಳೋದು ನ್ಯಾಯವೇ. ಆದ್ರೆ ಚಳಿ ಬಂದ್ಬಿಡುತ್ತಲ್ಲ" ಎಂದರು. ಮನುಷ್ಯ ಕೆಟ್ಟವರಲ್ಲ ಅಮ್ಮ. ಶವಪೆಟ್ಟಿಗೆ ಹೊತ್ತವರಲ್ಲಿ ಮುಂದಿನ ಬಲಗಡೆ ಇದ್ದವರು ಅವರೇ.

ವೆಸೆಲಿನ್ ಬರೆದ ಸಾಲುಗಳನ್ನು ನಾನೂ ತೆಗೆದು ಓದಿದೆ. ಆಫೀಸಿನಲ್ಲಿ ಯಾರೂ ಇರಲಿಲ್ಲ, ಒಬ್ಬಳೇ ನಕ್ಕೆ.

ನಿಮ್ಮ,
ಇಸ್ಕ್ರಾ


ತ್ರ್ಯಾವ್ನಾ, ನವೆಂಬರ್ 4

ಇಸ್ಕ್ರಾ,

ಮೊನ್ನೆ ಎರಡನೇ ತಾರೀಕಿಗೆ ನಲವತ್ತಾಯಿತು. ಗೋಧಿ ಬೇಯಿಸಿ, ಸಕ್ಕರೆ ಹಾಕಿ, ಬಂದವರಿಗೆಲ್ಲ ಹಂಚಿದೆ. ಸಮಾಧಿಯ ಮೇಲೆ ಸ್ವಲ್ಪ ವೈನ್ ಸುರಿದೆ. ಮನೆಗೆ ಬಂದು ಟ್ಯಾಬ್ ತೆಗೆದರೆ ಹೀಗಿತ್ತು:

"ಮೂರನೇ ದ್ವಾರ, ಬಾಲ್ಕನಿಯನ್ನು ಗೋಡೆಗೆ ಹಿಡಿಸುವ ಉಕ್ಕಿನ ಸರಳುಗಳು. ಒಪ್ಪಿಗೆ ಕೊಟ್ಟವರು: ವೆಸೆಲಿನ್ ಬೋನೇವ್. ಇವತ್ತು, ಮಧ್ಯಾಹ್ನ."

ಸುಳ್ಳು ಹೇಳುವುದಿಲ್ಲ, ಮೊದಲು ನನಗೆ ಸಂತೋಷವೇ ಆಯಿತು. ಬಾಯಿ ಮುಚ್ಚಿಕೊಂಡು ಅತ್ತೆ. ನಾನು ಅವನ ತಲೆಯ ಹತ್ತಿರ ಮೇಣದಬತ್ತಿ ಹಚ್ಚುತ್ತಿದ್ದ ಹೊತ್ತಿಗೆ ಅವನು ಅಲ್ಲಿ ಕೆಲಸ ಮಾಡುತ್ತಿದ್ದ ಎಂದು ಎಷ್ಟೋ ಹೊತ್ತು ನಂಬಿಕೊಂಡೇ ಕೂತಿದ್ದೆ. ಆಮೇಲೆ ಕೆಳಗೆ ನೋಡಿದೆ. ಸಾಲು ಇರಲಿಲ್ಲ. ಬರೀ ಒಪ್ಪಿಗೆ. ನನ್ನ ಮಗ ಬರೀ ಹೂಂ ಎನ್ನುವವನಲ್ಲ. ಒಂದು ಲೋಟ ನೀರು ಕೊಟ್ಟರೂ ಏನಾದರೂ ಹೇಳಿಯೇ ಕುಡಿಯುವವನು.

ತಂತಿ ಕಿತ್ತೆ ಎಂದಿರಲ್ಲ. ಹಾಗಾದರೆ ಇದು ಯಾರು?

ಸ್ತಮೇನಾ


ರೂಸೆ, ನವೆಂಬರ್ 15

ಅಮ್ಮಾ,

ಹತ್ತು ದಿನದಿಂದ ಈ ಕಾಗದವನ್ನು ಬರೆದು ಹರಿದು ಹಾಕುತ್ತಿದ್ದೇನೆ.

ಬೊಗೊಮಿಲ್ ಅಣ್ಣ. ಆಸ್ಪತ್ರೆಯಲ್ಲಿ ನಾನೂ ಇದ್ದೆ. ವೆಸೆಲಿನ್‌ಗೆ ಮಾತು ತೊದಲುತ್ತಿತ್ತು. "ಒಂದು ವಾರಕ್ಕೆ ಮಾತ್ರ ಅಣ್ಣ, ನಾನು ಬರೋವರ್ಗೂ" ಎಂದು ಪಾಸ್‌ವರ್ಡ್ ಹೇಳಿದ. ಆ ವಾರದಲ್ಲೇ ಅವನು ಹೋಗಿಬಿಟ್ಟ. ನನಗೆ ಅದು ಮರೆತೇ ಹೋಗಿತ್ತು. ನಿಮ್ಮ ಕಾಗದ ಓದಿದ ಮೇಲೆ ನೆನಪಾಯಿತು.

ನೇರ ಹೋಗಿ ಕೇಳಿದೆ. ಅವರು ಇಲ್ಲ ಎನ್ನಲಿಲ್ಲ. "ಹೊಸ ಎಂಜಿನಿಯರ್ ಬಂದ್ರೆ ಎಲ್ಲಾ ಬಿಚ್ಚಿ ಮೊದಲಿಂದ ತೋರಿಸು ಅಂತಾನೆ. ವರ್ಷ ಹಿಡಿಯುತ್ತೆ. ಅಲ್ಲಿ ಜನ ವಾಸ ಮಾಡ್ತಿದಾರಮ್ಮ. ವೆಸೆಲಿನ್ ಅರ್ಧ ನೋಡಿದ್ದ, ಇದ್ದಿದ್ರೆ ಹೂಂ ಅಂತಿದ್ದ" ಎಂದರು. "ಹೆಚ್ಚುಕಡಿಮೆ ಆದ್ರೆ?" ಎಂದೆ. ಕಿಟಕಿಯ ಕಡೆ ನೋಡುತ್ತಾ, "ಅವನನ್ನ ಇನ್ನು ಯಾರು ಏನು ಮಾಡೋಕಾಗುತ್ತೆ" ಎಂದರು.

ನಗರಸಭೆಯವರೂ ಇದರಲ್ಲಿ ನೋಡುವವರು ಮಾತ್ರ. ಹೆಸರಿನ ಮುಂದೆ ಒಪ್ಪಿಗೆ ಎಂದು ಬಂದರೆ ಅವರಿಗೆ ಸಾಕು. ಕಟ್ಟಡದ ಜನಕ್ಕೆ ಬೊಗೊಮಿಲ್ ಅಣ್ಣ, ಅವನು ಬೇರೆ ಊರಿನ ಕೆಲಸಕ್ಕೆ ಹೋಗಿದ್ದಾನೆ ಎಂದು ಹೇಳಿದ್ದಾರೆ. ಸತ್ತವರ ಚಿತ್ರ ಹಾಕಿ ಎಲ್ಲರೂ ಬಾಗಿಲಿಗೆ ಅಂಟಿಸುವ ನಿಧನದ ಹಾಳೆಯನ್ನೂ ನಮ್ಮ ಆಫೀಸಿನ ಬಾಗಿಲಿಗೆ ಅಂಟಿಸಲು ಬಿಡಲಿಲ್ಲ. ಗಿರಾಕಿಗಳು ಹೆದರುತ್ತಾರಂತೆ. ಈ ತಂತ್ರಾಂಶಕ್ಕೆ ಸಾವು ಅನ್ನುವುದು ಗೊತ್ತಿಲ್ಲ ಅಮ್ಮ. ಯಾರಾದರೂ ತೆಗೆಯುವವರೆಗೆ ಮನುಷ್ಯ ಇದ್ದೇ ಇರುತ್ತಾನೆ, ಹೇಳಿದ್ದಕ್ಕೆಲ್ಲ ಹೂಂ ಎನ್ನುತ್ತಾನೆ.

ಈಗ ಸಹಿ ಹಾಕಿ. ಯಜಮಾನರಿಗಾಗಿ ಅಲ್ಲ. ಮಾಲೀಕತನ ನಿಮ್ಮ ಹೆಸರಿಗೆ ಬರಲಿ. ಆಗ ಅವನ ಒಪ್ಪಿಗೆಯ ಹಕ್ಕನ್ನು ನೀವೇ ತೆಗೆದುಬಿಡಬಹುದು. ಹೆಸರು ಹಾಗೇ ಉಳಿಯುತ್ತದೆ.

ಇಸ್ಕ್ರಾ

ಆಫೀಸಿನ ವಿಳಾಸಕ್ಕೆ ಬರೆಯಬೇಡಿ. ನನ್ನ ಮನೆಯ ವಿಳಾಸ ಹಿಂದೆ ಇದೆ.


ತ್ರ್ಯಾವ್ನಾ, ನವೆಂಬರ್ 20

ಇಸ್ಕ್ರಾ ಮಗಳೇ,

ಸಹಿ ಹಾಕಿದ್ದೇನೆ, ನೋಟರಿಯ ಮುದ್ರೆಯೂ ಇದೆ. ಬೇಗ ಮಾಡು.

ಬೊಗೊಮಿಲ್‌ಗೆ ನನ್ನಿಂದ ಏನೂ ಹೇಳಬೇಡ. ಪೆಟ್ಟಿಗೆ ಹೊರುವಾಗ ಅವನು ಬಿಕ್ಕಿ ಬಿಕ್ಕಿ ಅತ್ತಿದ್ದ, ನಾನು ನೋಡಿದ್ದೇನೆ. ಆ ಅಳು ಸುಳ್ಳಲ್ಲ. ಅದಕ್ಕೇ ನನಗೆ ಹೆಚ್ಚು ಭಯವಾಗುತ್ತಿರುವುದು.

ಸ್ತಮೇನಾ


ರೂಸೆ, ಜನವರಿ 17

ಅಮ್ಮಾ,

ತಡವಾಯಿತು. ನಿಮ್ಮ ಸಹಿಯನ್ನು ತಂತ್ರಾಂಶದವರು ವಾಪಸು ಕಳಿಸಿದ್ದಾರೆ. ವೆಸೆಲಿನ್ ಬೋನೇವ್ ಅವರು ತಾವೇ ಒಳಗೆ ಬಂದು ಮಾಲೀಕತನವನ್ನು ಬೊಗೊಮಿಲ್ ಅವರಿಗೆ ವರ್ಗಾಯಿಸಿದ್ದಾರೆ, ಆದ್ದರಿಂದ ವಾರಸುದಾರರ ಪ್ರಶ್ನೆಯೇ ಬರುವುದಿಲ್ಲವಂತೆ. ಅವನು ತೀರಿಕೊಂಡಿದ್ದಾನೆ ಎಂದು ಬರೆದೆ. ಅದನ್ನು ಮಾಲೀಕರ ಜೊತೆ ಮಾತಾಡಿಕೊಳ್ಳಿ ಎಂದರು. ಮಾಲೀಕರು ಯಾರು ಈಗ? ಬೊಗೊಮಿಲ್.

ಮರುದಿನ ನನ್ನ ಹಕ್ಕನ್ನೂ ಇಳಿಸಿದರು. ಈಗ ನಾನೂ ನೋಡುವವಳು, ನಿಮ್ಮ ಹಾಗೆ. ಬೊಗೊಮಿಲ್ ಅಣ್ಣ ಬೈಯಲಿಲ್ಲ, ಕೆಲಸದಿಂದ ತೆಗೆಯಲೂ ಇಲ್ಲ. "ನಿನಗೆ ಸ್ವಲ್ಪ ವಿಶ್ರಾಂತಿ ಬೇಕು ಇಸ್ಕ್ರಾ" ಎಂದು ಕಾಫಿ ತರಿಸಿದರು. ನನ್ನ ಗಂಡನಿಗೂ ಕೆಲಸ ಕೊಟ್ಟಿರುವವರು ಅವರೇ. ಆ ಕಾಫಿ ಕುಡಿದೆ ಎಂದು ಹೇಳಲು ನಾಚಿಕೆಯಾಗುತ್ತದೆ.

ನಾಲ್ಕನೇ ದ್ವಾರಕ್ಕೂ ಒಪ್ಪಿಗೆ ಬಂತು, ಐದಕ್ಕೂ. ಚಳಿಗಾಲ ಮುಗಿಯುವವರೆಗೆ ಬಾಲ್ಕನಿಯ ಬಾಗಿಲುಗಳಿಗೆ ಹಲಗೆ ಹೊಡೆದಿದ್ದಾರೆ. ಏಪ್ರಿಲ್ ಒಂದಕ್ಕೆ ತೆಗೆಯುತ್ತಾರಂತೆ.

ಇನ್ನೊಂದು ವಿಷಯ ನೀವು ತಿಳಿದಿರಬೇಕು. ಇದು ಹೊರಗೆ ಬಿದ್ದರೆ ಬೊಗೊಮಿಲ್ ಅಣ್ಣ ಮೊದಲು ಮಾಡುವ ಕೆಲಸ ವೆಸೆಲಿನ್‌ನನ್ನು ತಂತ್ರಾಂಶದಿಂದ ಪೂರ್ತಿಯಾಗಿ ತೆಗೆದುಹಾಕುವುದು. ಆಗ ಚುಕ್ಕೆ ಇರುವುದಿಲ್ಲ, ಚಿತ್ರ ಇರುವುದಿಲ್ಲ. ಅವನು ಬರೆದ ಸಾಲುಗಳು ಇರುತ್ತವೆ, ಆದರೆ ಹೆಸರಿನ ಜಾಗದಲ್ಲಿ "ತೆಗೆದುಹಾಕಲಾದ ಬಳಕೆದಾರ" ಎಂದು ಬರುತ್ತದೆ.

ಇಸ್ಕ್ರಾ


ತ್ರ್ಯಾವ್ನಾ, ಮಾರ್ಚ್ 9

ಇಸ್ಕ್ರಾ ಮಗಳೇ,

ಇಷ್ಟು ದಿನ ಉತ್ತರ ಬರೆಯದೆ ಇದ್ದದ್ದಕ್ಕೆ ಕೋಪ ಮಾಡಿಕೊಂಡಿರುತ್ತೀಯ. ಅಕ್ಟೋಬರಿನಲ್ಲೇ ನಾನು ಸಹಿ ಹಾಕಿದ್ದರೆ ಬೊಗೊಮಿಲ್‌ನ ಆಟ ನಡೆಯುತ್ತಿರಲಿಲ್ಲ, ಅದು ನನಗೆ ಗೊತ್ತು. ಆದರೆ ಮೌನಕ್ಕೆ ಕಾರಣ ಅದಲ್ಲ.

ಸಂಜೆ ಆರಕ್ಕೆ ಚುಕ್ಕೆ ಹತ್ತುತ್ತದೆ. ದಿನಾ ಅಲ್ಲ, ವಾರಕ್ಕೆ ಎರಡು ಮೂರು ಸಲ. ಅದು ಬೊಗೊಮಿಲ್‌ನ ಕೈ ಎಂದು ನನಗೆ ಗೊತ್ತು. ಆರಕ್ಕೆ ಮುಂಚೆ ಒಲೆ ಆರಿಸಿ, ಮುಖ ತೊಳೆದು, ಟ್ಯಾಬಿನ ಮುಂದೆ ಕೂರುತ್ತೇನೆ. ಹತ್ತಿದಾಗ "ಬಂದ್ಯಾ ಮಗಾ" ಎನ್ನುತ್ತೇನೆ. ಗಟ್ಟಿಯಾಗಿಯೇ ಅನ್ನುತ್ತೇನೆ. ಊಟ ಆಯಿತಾ ಎಂದು ಕೇಳುತ್ತೇನೆ. ಹತ್ತು ನಿಮಿಷಕ್ಕೆ ಆರಿಹೋಗುತ್ತದೆ. ಅವನ ಹೆಸರನ್ನು ಮೈಮೇಲೆ ಹಾಕಿಕೊಂಡು ಕಳ್ಳನೊಬ್ಬ ನಮ್ಮ ಮನೆಗೆ ಬರುತ್ತಾನೆ, ನಾನು ಅವನಿಗೆ ಬಾಗಿಲು ತೆಗೆಯುತ್ತೇನೆ. ಇಂಥ ತಾಯಿಗೆ ಏನೆನ್ನಬೇಕು ಹೇಳು.

ಹೋದ ವಾರ ಹೊಸ ಚಿತ್ರ ಬಂತು. ಮೂರನೇ ದ್ವಾರದ ನಾಲ್ಕನೇ ಮಹಡಿ. ಹಲಗೆಯ ಸಂದಿಯಿಂದ ಆ ಮನೆಯವರು ಆಗಲೇ ಬಾಲ್ಕನಿಯಲ್ಲಿ ಎರಡು ಹೂವಿನ ಕುಂಡ ಇಟ್ಟಿದ್ದಾರೆ. ಬನಿತ್ಸಾ ತಿನ್ನಿಸಿದ ಅಜ್ಜಿಯ ಮನೆ ಅದು. ಏಪ್ರಿಲ್ ಬಂದ ಕೂಡಲೇ ಅವಳು ಅಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾಳೆ. ನನ್ನ ಮಗ ಹೇಳಿದ್ದಾನೆ ಎಂದು ನಂಬಿ ಕೂರುತ್ತಾಳೆ.

ಆವತ್ತು ಚುಕ್ಕೆ ಹತ್ತಿದಾಗ ಟ್ಯಾಬನ್ನು ಬೋರಲು ಹಾಕಿದೆ.

ಆ ತಂತ್ರಾಂಶದಲ್ಲಿ ನಮಗಿಬ್ಬರಿಗೂ ಬರೆಯುವ ಹಕ್ಕಿಲ್ಲ. ಇರಲಿ. ಇಪ್ಪತ್ತನಾಲ್ಕಕ್ಕೆ ಅವನಿಗೆ ಆರು ತಿಂಗಳು. ಆರು ತಿಂಗಳಿಗೆ ಹೊಸ ನಿಧನದ ಹಾಳೆ ಅಂಟಿಸಬೇಕಲ್ಲ. ಅದನ್ನು ಯಾವ ಬಾಗಿಲಿಗೆ ಅಂಟಿಸಬೇಕು ಎಂದು ತಾಯಿಗೆ ಯಾವ ಮಾಲೀಕನೂ ಹೇಳಿಕೊಡಬೇಕಾಗಿಲ್ಲ. ಅಚ್ಚಿನವನ ಹತ್ತಿರ ಹೋಗಿ ಬಂದಿದ್ದೇನೆ.

ನೀನು ಏನೂ ಮಾಡಬೇಡ. ಗಂಡನ ಕೆಲಸ ನೋಡಿಕೋ.

ಸ್ತಮೇನಾ


ರೂಸೆ, ಮಾರ್ಚ್ 26

ಅಮ್ಮಾ,

ನೀವು ಊರಿಗೆ ಬಂದು ಹೋದದ್ದೇ ನನಗೆ ತಿಳಿಯಲಿಲ್ಲ. ಬಾಗಿಲು ತಟ್ಟಬಾರದಿತ್ತೇ? ಇಪ್ಪತ್ತನಾಲ್ಕರ ಬೆಳಿಗ್ಗೆ ಕಟ್ಟಡದ ಹತ್ತಿರ ಹೋದರೆ ಐದೂ ದ್ವಾರದ ಮೇಲೆ ಹಾಳೆಯಿಂದ ವೆಸೆಲಿನ್ ನಗುತ್ತಿದ್ದಾನೆ. ಅಂಟು ಇನ್ನೂ ಹಸಿಯಾಗಿತ್ತು.

ನಮ್ಮ ಜನ ಬೇರೆ ಏನನ್ನೂ ಓದದಿದ್ದರೂ ನಿಧನದ ಹಾಳೆಯನ್ನು ಓದದೆ ಮುಂದೆ ಹೋಗುವುದಿಲ್ಲ. ಬ್ರೆಡ್ ತರಲು ಇಳಿದ ನಾಲ್ಕನೇ ಮಹಡಿಯ ಪೇನಾ ಅಜ್ಜಿ ಮೊದಲು ನಿಂತರು. "ಅಯ್ಯೋ ದೇವ್ರೇ, ಇದು ನಮ್ಮ ಉದ್ದನೆ ಹುಡ್ಗ ಅಲ್ವಾ! ವರ್ನಾಗೆ ಹೋಗಿದಾನೆ ಅಂದಿದ್ರು!" ಎಂದು ಶಿಲುಬೆಯ ಗುರುತು ಮಾಡಿಕೊಂಡರು. ಆಮೇಲೆ ಕನ್ನಡಕ ಹಾಕಿಕೊಂಡು ನೀವು ಬರೆಸಿದ್ದನ್ನು ಗಟ್ಟಿಯಾಗಿ ಓದಿದರು:

"ಆರು ತಿಂಗಳಾಯಿತು. ಎಂಜಿನಿಯರ್ ವೆಸೆಲಿನ್ ಬೋನೇವ್ ಸೆಪ್ಟೆಂಬರ್ 24ರಂದು ತೀರಿಕೊಂಡ. ಅಲ್ಲಿಂದೀಚೆಗೆ ಈ ಮನೆಗಳಿಗೆ ಅವನ ಹೆಸರಿನಲ್ಲಿ ಕೊಟ್ಟ ಒಪ್ಪಿಗೆ ಯಾವುದೂ ಅವನದಲ್ಲ. ಬಾಲ್ಕನಿಗೆ ಕಾಲಿಡಬೇಡಿ. — ಅವನ ತಾಯಿ."

ಜನ ಸೇರಿತು. ಒಬ್ಬರು, "ತಡೀರಿ, ಸೆಪ್ಟೆಂಬರ್‌ನಲ್ಲಿ ಹೋದೋನು ನವೆಂಬರ್‌ನಲ್ಲಿ ಹೆಂಗ್ರೀ ಒಪ್ಪಿಗೆ ಕೊಡ್ತಾನೆ?" ಎಂದರು. ಎಲ್ಲರೂ ಒಟ್ಟಿಗೇ ತಲೆ ಎತ್ತಿ ಮೇಲಿನ ಬಾಲ್ಕನಿಗಳನ್ನು ನೋಡಿದರು.

ಅಷ್ಟರಲ್ಲಿ ಬೊಗೊಮಿಲ್ ಅಣ್ಣ ಬಂದರು. ಓಡುತ್ತಲೇ ಬಂದವರು ಹಾಳೆಯ ಮೂಲೆಗೆ ಉಗುರು ಹಾಕಿದರು. ಪೇನಾ ಅಜ್ಜಿ ಕೂಗಿದ್ದು ಬೀದಿಯ ಆ ತುದಿಗೂ ಕೇಳಿಸಿರಬೇಕು. "ಕೈ ತೆಗಿಯೋ! ಸತ್ತೋರ ಹಾಳೆ ಕೀಳ್ತೀಯಾ? ಅದು ಮಳೆಗೆ ಗಾಳಿಗೆ ತಾನೇ ಹೋಗ್ಬೇಕು. ನಿನ್ನ ತಾಯಿದನ್ನೂ ಹಿಂಗೇ ಕಿತ್ಯಾ?" ಅಮ್ಮಾ, ಅವರು ಕೀಳಲಿಲ್ಲ. ಇಷ್ಟು ತಿಂಗಳು ಅವನ ಹೆಸರಿನಲ್ಲಿ ಒಪ್ಪಿಗೆ ಕೊಟ್ಟ ಕೈ, ಒಂದು ಕಾಗದ ಕೀಳಲಾರದೆ ಕೆಳಗಿಳಿಯಿತು. ಟೋಪಿ ತೆಗೆದು ನಿಂತರು.

"ಅವನಿದ್ದಿದ್ರೆ ಹೂಂ ಅಂತಿದ್ದ" ಎಂದು ಮತ್ತೆ ಅದನ್ನೇ ಅಂದರು, ನನ್ನ ಕಡೆ ನೋಡಿ.

ನಾನು ಅಂದೆ: "ಹಾಗಾದ್ರೆ ಅವನಿಲ್ಲ ಅಂತ ಯಾಕೆ ಯಾರಿಗೂ ಹೇಳ್ಲಿಲ್ಲ ಅಣ್ಣ?"

ನಗರಸಭೆಗೆ ಜನರೇ ಫೋನ್ ಮಾಡಿದರು. ನಿನ್ನೆ ತಪಾಸಣೆಯವರು ಬಂದು ಸುತ್ತಿಗೆಯಿಂದ ತಟ್ಟಿದರು. ಮೂರನೇ ದ್ವಾರದಲ್ಲಿ ಸರಳುಗಳು ಗೋಡೆಯನ್ನು ಹಿಡಿದೇ ಇಲ್ಲ. ಒಂದು ಬರಿಗೈಗೆ ಬಂತು. ನಾಲ್ಕನೇ ಮಹಡಿ. ಪೇನಾ ಅಜ್ಜಿ ಮೆಟ್ಟಿಲ ಮೇಲೆ ಕೂತುಬಿಟ್ಟರು. ಅವರೇ ನಿಮ್ಮ ವಿಳಾಸ ಕೇಳಿದ್ದಾರೆ.

ನಾನು ಹೆದರಿದ್ದು ನಿಜವಾಯಿತು. ಇಪ್ಪತ್ತನಾಲ್ಕರ ಸಂಜೆಯೇ ಅವನನ್ನು ತೆಗೆದುಹಾಕಿದ್ದಾರೆ. ನಾನು ನೋಡುತ್ತಿದ್ದ ಹಾಗೆಯೇ ಒಂದೊಂದು ಸಾಲಿನ ಮುಂದಿನಿಂದಲೂ ಹೆಸರು ಹೋಯಿತು. ನೀವು ಟ್ಯಾಬ್ ತೆಗೆಯುವ ಮೊದಲು ಈ ಕಾಗದ ತಲುಪಿರಲಿ ಎಂದು ಬೇಡಿಕೊಳ್ಳುತ್ತೇನೆ.

ನಿಮ್ಮ ಮಗಳು,
ಇಸ್ಕ್ರಾ

ನನ್ನ ಕೆಲಸ ಹೋಗಿದೆ, ಗಂಡನದೂ. ಅದಕ್ಕೆ ಚಿಂತೆ ಮಾಡಬೇಡಿ.


ತ್ರ್ಯಾವ್ನಾ, ಏಪ್ರಿಲ್ 2

ಮಗಳೇ,

ನಿನ್ನ ಕಾಗದ ತಡವಾಗಿ ಬಂತು. ಇಪ್ಪತ್ತನಾಲ್ಕರ ಸಂಜೆ ರೈಲಿಳಿದು ಮನೆಗೆ ಬಂದವಳು ಕೋಟನ್ನೂ ತೆಗೆಯದೆ ಟ್ಯಾಬ್ ಮುಂದೆ ಕೂತೆ. ಇನ್ನೊಂದೇ ಸಲ ಹತ್ತಬಹುದು ಎಂದುಕೊಂಡಿದ್ದೆ. ನೀನು ನೋಡಿದ್ದನ್ನೇ ನಾನೂ ಇಲ್ಲಿ ಕೂತು ನೋಡಿದೆ. ಚಿತ್ರ ಹೋಯಿತು. ಹೆಸರು ಹೋಯಿತು. ಗಂಟೆ ಹಾಗೆ ಕೇಳಿಸಿತು ಎಂದು ಯಾರೋ ಬರೆದಿದ್ದಾರೆ, ಯಾರೆಂದು ಗೊತ್ತಿಲ್ಲ.

ಗೊತ್ತಿದ್ದೇ ಮಾಡಿದೆ. ನೀನು ಜನವರಿಯಲ್ಲೇ ಹೇಳಿದ್ದೆ. ಮೊದಲ ದ್ವಾರಕ್ಕೆ ಅಂಟು ಹಚ್ಚುವಾಗ ಕೈ ಹಿಂದೆ ಬಂತು. ಎರಡನೆಯದಕ್ಕೂ ಬಂತು. ಮೂರನೆಯ ದ್ವಾರದ ಹತ್ತಿರ ತಲೆ ಎತ್ತಿ ಆ ಕುಂಡಗಳನ್ನು ನೋಡಿದೆ, ಆಮೇಲೆ ಕೈ ಹಿಂದೆ ಬರಲಿಲ್ಲ. ಊರಿನವರು ಅವನನ್ನು ಸೆಪ್ಟೆಂಬರಿನಲ್ಲಿ ಹೂಳಿದರು. ನಾನು ಹೂಳಿದ್ದು ಅವತ್ತು.

ನೀನೂ ನಿನ್ನ ಗಂಡನೂ ಇಲ್ಲಿಗೆ ಬನ್ನಿ. ಮನೆ ದೊಡ್ಡದಿದೆ, ರೈಲ್ವೆಯಲ್ಲಿ ನನ್ನ ಮಾತು ಕೇಳುವವರು ಇನ್ನೂ ಇಬ್ಬರಿದ್ದಾರೆ. ಪೇನಾ ಅಜ್ಜಿಯ ಕಾಗದ ಬಂದಿದೆ. ಅಕ್ಷರ ಒಂದೂ ತಿಳಿಯುವುದಿಲ್ಲ, ಆದರೂ ಪೂರ್ತಿ ಓದಿದೆ. ಅವಳು ಬದುಕಿದ್ದಾಳೆ, ಅಷ್ಟು ಸಾಕು ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಬೆಳಿಗ್ಗೆ ಸಾಕು ಅನ್ನಿಸುತ್ತದೆ. ಮಧ್ಯಾಹ್ನವೂ ಸಾಕು ಅನ್ನಿಸುತ್ತದೆ.

ಸಂಜೆ ಆರಕ್ಕೆ ಸಾಕಾಗುವುದಿಲ್ಲ.

ನಿನ್ನ,
ಸ್ತಮೇನಾ ಅಮ್ಮ